ಅಪ್ಪಯ್ಯನ ನಾಟಾ ವ್ಯಾಪಾರ ವಹಿಸಿಕೊಳ್ಳುವ ಮೊದಲು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಯ್ಯ ಮೂವತ್ತು ವರ್ಷಕ್ಕೂ ಮಿಕ್ಕಿ ಮರ ಕಡಿಸುವ ಗುತ್ತಿಗೆ ಮಾಡಿಕೊಂಡು ಬಂದವರು. ಲೈಸೆನ್ಸ್ ಇರುವ ಸಣ್ಣ ಸಾಮಿಲ್ಲೂ ಇದೆ. ಈಗ ಅವರಿಗೆ ಮಂಡಿ ನೋವು, ಗುಡ್ಡ ಹತ್ತಲಾರರು. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಸಾಲ ಮಾಡಿಯಾದರೂ ಹೊಸ ಬ್ಯಾಂಡ್ ಸಾ (ಪಟ್ಟಿ ಗರಗಸದ ಯಂತ್ರ) ತರೋಣ ಎನ್ನುತ್ತಾನೆ ತಮ್ಮ. ಅಪ್ಪಯ್ಯನ ಲೆಕ್ಕವೆಲ್ಲ ಕಣ್ಣಂದಾಜು, ಪುಸ್ತಕದಲ್ಲಿ ಏನೂ ಇಲ್ಲ. ಕಾಡು ಕಡಿಯುವ ಕಸುಬು ನಮಗೆ ಬೇಡ ಎಂಬುದು ನನ್ನ ಹೆಂಡತಿಯ ಮಾತು. ಈ ವ್ಯಾಪಾರ ಮುಂದುವರಿಸಬಹುದೇ? ಮುಂದುವರಿಸುವುದಾದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ಮುಂದುವರಿಸಿ. ಆದರೆ ಯಂತ್ರದಿಂದ ಆರಂಭಿಸಬೇಡಿ. ನಾಟಾ ವ್ಯಾಪಾರದ ಲಾಭನಷ್ಟ ಸಾಮಿಲ್ಲಿನಲ್ಲಿ ತೀರ್ಮಾನವಾಗುವುದಿಲ್ಲ. ಮರ ಇನ್ನೂ ನಿಂತಿರುವಾಗ, ಅದರ ಬುಡದಲ್ಲಿ ನಿಂತು ಬೆಳೆಗಾರನಿಗೆ ನೀವು ಹೇಳುವ ಬೆಲೆಯಲ್ಲೇ ಅದು ತೀರ್ಮಾನವಾಗಿಬಿಡುತ್ತದೆ. ಅಲ್ಲಿ ತಪ್ಪಿದ್ದನ್ನು ಎಷ್ಟೇ ಒಳ್ಳೆಯ ಗರಗಸವೂ ತಿದ್ದಲಾರದು. ನಿಮ್ಮ ತಂದೆಯವರ ಮಂಡಿ ಸೋತಿರಬಹುದು, ಕಣ್ಣು ಸೋತಿಲ್ಲ. ನಿಮ್ಮ ಮನೆಯ ನಿಜವಾದ ಬಂಡವಾಳ ಆ ಕಣ್ಣು. ಅದು ನಿಮಗೆ ವರ್ಗವಾಗುವವರೆಗೆ ಉಳಿದ ಖರ್ಚುಗಳೆಲ್ಲ ಕಾಯಲಿ.

ಮೊದಲು ನಿಮ್ಮ ಹೆಂಡತಿಯವರ ಮಾತಿಗೆ ಬರುತ್ತೇನೆ. ಅವರ ಹಿಂಜರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮಲೆನಾಡಿನ ಕಾಡು ಕೊಡಲಿಗೆ ಬಹಳ ಕೊಟ್ಟಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ನಮ್ಮ ಕಾಡಿನ ಮರದ ಇದ್ದಿಲಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ಕಾಡೂ ನೀರಿನಡಿ ಸೇರಿತು. ಇಂದು ಸಕ್ರೆಬೈಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಆನೆ ತೋರಿಸುತ್ತೇವೆ. ಒಂದು ಕಾಲದಲ್ಲಿ ಇಂಥ ಪಳಗಿದ ಆನೆಗಳ ಮುಖ್ಯ ಕೆಲಸವೇ ದಿಮ್ಮಿ ಎಳೆಯುವುದಾಗಿತ್ತು. ಆ ಕಾಲ ಮುಗಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಿತು. ನಂತರ ಪಶ್ಚಿಮಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತಿತು. 1996ರ ಡಿಸೆಂಬರ್ 12ರಂದು, ಕಾಡು ಕಡಿತದ ವಿರುದ್ಧ ಹೂಡಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇಡೀ ದೇಶದ ನಾಟಾ ವ್ಯಾಪಾರದ ದಿಕ್ಕನ್ನೇ ಬದಲಿಸಿತು.

ನಿಮ್ಮ ತಂದೆಯವರ ದುಡಿಮೆಯ ಬಹುಪಾಲು ನಡೆದಿರುವುದು ಇದಾದ ಮೇಲೆ. ಅಂದರೆ ಅವರು ಕಡಿಸಿದ್ದು ಕಾಡನ್ನಲ್ಲ, ರೈತರು ನೆಟ್ಟು ಬೆಳೆಸಿದ ಅಥವಾ ತಮ್ಮ ಹಿಡುವಳಿಯಲ್ಲಿ ಉಳಿಸಿಕೊಂಡ ಮಾಲ್ಕಿ ಮರಗಳನ್ನು. ಕಾಫಿ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್, ಹಾಲು ಬತ್ತಿದ ರಬ್ಬರ್, ಬೇಲಿ ಸಾಲಿನ ಅಕೇಶಿಯಾ, ಹಿತ್ತಲಿನ ಹಲಸು, ಗದ್ದೆಯಂಚಿನ ಮಾವು, ಅಜ್ಜ ನೆಟ್ಟ ತೇಗ. ಮರಕ್ಕೆ ನ್ಯಾಯವಾದ ಬೆಲೆ ಸಿಕ್ಕರೆ ರೈತ ಮತ್ತೆ ಮರ ನೆಡುತ್ತಾನೆ. ಬೆಲೆ ಸಿಗದಿದ್ದರೆ ಆ ಜಾಗಕ್ಕೂ ಅಡಿಕೆಯನ್ನೇ ಹಾಕುತ್ತಾನೆ. ಇದನ್ನು ನಾನು ಊರೂರಲ್ಲೂ ನೋಡುತ್ತಿದ್ದೇನೆ. ಆದ್ದರಿಂದ ಪ್ರಾಮಾಣಿಕ ನಾಟಾ ವ್ಯಾಪಾರಿ ಮರದ ವೈರಿಯಲ್ಲ ಎಂದು ನಿಮ್ಮ ಹೆಂಡತಿಯವರಿಗೆ ಧೈರ್ಯವಾಗಿ ಹೇಳಿ. ಯಾರ್ಡಿನಲ್ಲಿರುವ ಒಂದೊಂದು ದಿಮ್ಮಿ ಯಾವ ಸರ್ವೆ ನಂಬರಿನಿಂದ ಬಂತು ಎಂದು ತೋರಿಸುವ ಕಾಗದ ನಿಮ್ಮಲ್ಲಿರುವವರೆಗೆ ಮಾತ್ರ ಈ ಮಾತಿಗೆ ಬೆಲೆ.

ಇನ್ನು ಕಣ್ಣಂದಾಜಿನ ವಿಷಯ. ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ, ಮಂತ್ರವೆಂದು ಪೂಜಿಸಲೂ ಬೇಡಿ. ಅದರ ಹಿಂದೆ ಒಂದು ಗಣಿತವಿದೆ, ಅದನ್ನು ನೀವು ಕಾಗದದ ಮೇಲೆ ತರಬೇಕು. ನಮ್ಮ ಕಡೆ ದಿಮ್ಮಿ ಅಳೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ನಾಲ್ಕರಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅಡಿಗಳಲ್ಲಿ ಅಳೆದ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ನಡು ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ ಸರಿಯಾಗಿ 10 ಘನ ಅಡಿ. ಇದೇ ದಿಮ್ಮಿಯನ್ನು ದುಂಡನೆಯ ಕಂಬವೆಂದು ಲೆಕ್ಕ ಹಾಕಿದರೆ ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ನಡುವಿನ ವ್ಯತ್ಯಾಸ ಮೋಸವಲ್ಲ, ಚೌಕ ಮಾಡುವಾಗ ಬದಿಯಲ್ಲಿ ಹೋಗುವ ಸಿಪ್ಪೆ ಹಲಗೆಗೆಂದು ಬಿಟ್ಟ ಪಾಲು. ಕೊಳ್ಳುವಾಗಲೂ ಮಾರುವಾಗಲೂ ಒಂದೇ ಲೆಕ್ಕ ನಡೆದರೆ ಯಾರಿಗೂ ಅನ್ಯಾಯವಿಲ್ಲ. ಕೊಳ್ಳುವಾಗ ಒಂದು ಲೆಕ್ಕ, ಮಾರುವಾಗ ಇನ್ನೊಂದು ಎಂದಾದಾಗ ಹೆಸರು ಕೆಡುತ್ತದೆ.

ಟೇಪನ್ನು ಸಡಿಲ ಹಿಡಿಯುವುದು, ತೊಗಟೆ ಸಮೇತ ಅಳೆಯುವುದು, ನಡು ಬಿಟ್ಟು ಬುಡದ ಕಡೆ ಜಾರಿಸುವುದು, ಇವೆಲ್ಲ ನಿಮ್ಮ ಎದುರಿಗೇ ನಡೆಯುತ್ತವೆ. 48 ಇಂಚಿನ ಕಡೆ 47 ಎಂದು ಬರೆದರೆ ಆ ದಿಮ್ಮಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೋದಂತೆ. ಲಾರಿ ತುಂಬ ದಿಮ್ಮಿಯಲ್ಲಿ ಅದು ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ನಿಂತ ಮರದಲ್ಲಿ ಎಡವುವ ಜಾಗ ಬೇರೆ. ಹೊಸಬರು ಎದೆಯೆತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯಲ್ಲಿ ಟೇಪ್ ಸುತ್ತಿ ಅದನ್ನೇ ಇಡೀ ಕಾಂಡಕ್ಕೆ ಹಿಡಿಯುತ್ತಾರೆ. ಎದೆಯೆತ್ತರದಲ್ಲಿ 60 ಇಂಚು ಇರುವ, 20 ಅಡಿ ನೇರ ಕಾಂಡದ ಒಂದು ಮರ ಎಂದುಕೊಳ್ಳಿ. 60ರ ಲೆಕ್ಕದಲ್ಲಿ 31 ಘನ ಅಡಿ ದಾಟುತ್ತದೆ. ಮರ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದಲ್ಲ, ನಡುವಿನ ಸುತ್ತಳತೆ 50 ಇಂಚು ಮಾತ್ರ ಸಿಕ್ಕಿತು ಎಂದರೆ ನಿಜವಾದ ಲೆಕ್ಕ 21.7 ಘನ ಅಡಿ. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗಾಳಿಯಲ್ಲಿ ಹೋಯಿತು. ನಿಮ್ಮ ತಂದೆಯವರು ಮರವನ್ನು ಒಮ್ಮೆ ತಲೆಯೆತ್ತಿ ನೋಡಿ, ಸುಮ್ಮನೆ ಸುತ್ತು ಹಾಕಿ ಬೆಲೆ ಹೇಳುತ್ತಾರಲ್ಲ, ಆ ಒಂದು ಸುತ್ತಿನಲ್ಲಿ ಈ ಇಳಿಜಾರನ್ನು ಅವರು ಕಳೆದಿರುತ್ತಾರೆ.

ಇಷ್ಟೇ ಅಲ್ಲ, ಅವರು ಇನ್ನೂ ಬಹಳಷ್ಟನ್ನು ಕಳೆದಿರುತ್ತಾರೆ. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದಾಗ ಟೊಳ್ಳು ಸದ್ದು ಬಂತೆಂದರೆ ಒಳಗೆ ಪೊಟರೆ. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದ್ದರೆ ಬೇರಿನಿಂದಲೇ ಕೊಳೆ ಹತ್ತಿದೆ. ತುದಿ ಒಣಗಿದ್ದರೆ ಅನುಮಾನಿಸಬೇಕು. ತೊಗಟೆಯ ಗೆರೆ ಕಾಂಡದ ಸುತ್ತ ಹೊರಳಿಕೊಂಡು ಏರಿದ್ದರೆ ಒಳಗಿನ ಎಳೆಯೂ ಹಾಗೆಯೇ ತಿರುಚಿರುತ್ತದೆ, ಅಂಥ ಹಲಗೆ ಒಣಗುವಾಗ ಸೊಟ್ಟಗಾಗುತ್ತದೆ. ಬುಡದಲ್ಲಿ ಏಣು ಎದ್ದ ತೇಗದಲ್ಲಿ ಕೆಳಗಿನ ಕೆಲವು ಅಡಿ ಚೌಕಕ್ಕೆ ಬರುವುದಿಲ್ಲ. ಮನೆಯ ಹತ್ತಿರದ ಹಲಸು, ಮಾವಿನಲ್ಲಿ ಇನ್ನೊಂದು ಅಪಾಯವಿದೆ. ಬಟ್ಟೆ ಹಗ್ಗ ಕಟ್ಟಲು ಹೊಡೆದ ಮೊಳೆ, ಬೇಲಿಯ ಮುಳ್ಳುತಂತಿ, ಹಳೆಯ ಕೊಕ್ಕೆಗಳನ್ನು ಮರ ನುಂಗಿಕೊಂಡು ಬೆಳೆದಿರುತ್ತದೆ. ಬ್ಯಾಂಡ್ ಸಾ ಬ್ಲೇಡಿಗೆ ಒಂದು ಮೊಳೆ ತಾಗಿದರೆ ಆ ದಿನದ ಕೆಲಸ ಮುಗಿದ ಹಾಗೆಯೇ, ಹತ್ತಿರ ನಿಂತವರ ಜೀವಕ್ಕೂ ಅಪಾಯ. ಮನೆಯವರನ್ನು ಕೇಳಿ, ಸಾಧ್ಯವಾದರೆ ಲೋಹ ಪತ್ತೆ ಮಾಡುವ ಕೈಯುಪಕರಣ ಇಟ್ಟುಕೊಳ್ಳಿ.

ತೇಗದ ವಿಷಯದಲ್ಲಿ ಬೆಳೆಗಾರನಿಗೆ ನಿಜ ಹೇಳುವುದೇ ಕಷ್ಟದ ಕೆಲಸ. 1990ರ ದಶಕದಲ್ಲಿ ತೇಗದ ತೋಟದ ಕಂಪನಿಗಳು ದೇಶದ ತುಂಬ ದೊಡ್ಡ ದೊಡ್ಡ ಮೊತ್ತದ ಆಸೆ ಹುಟ್ಟಿಸಿದವು. ಅದನ್ನು ಕೇಳಿ ನೆಟ್ಟವರು ಇಂದಿಗೂ ಆ ಬೆಲೆಯ ಕನಸಿನಲ್ಲಿದ್ದಾರೆ. ಇಪ್ಪತ್ತು ವರ್ಷದೊಳಗಿನ ತೇಗವನ್ನು ಕೊಯ್ದರೆ ಹೊರಗಿನ ಬಿಳಿ ಭಾಗವೇ ಹೆಚ್ಚು, ಒಳಗಿನ ಗಟ್ಟಿ ಚೇಗು ಕಡಿಮೆ. ಹುಳು ಹಿಡಿಯುವುದು ಆ ಬಿಳಿಗೆ, ಬಾಗಿಲಿನ ಚೌಕಟ್ಟಿಗೆ ಬೇಕಾದದ್ದು ಚೇಗು. ಮರ ಆರೋಗ್ಯವಾಗಿದ್ದು ಬೆಳೆಗಾರನಿಗೆ ದುಡ್ಡಿನ ತುರ್ತು ಇಲ್ಲದಿದ್ದರೆ, ಇನ್ನೂ ಕೆಲವು ವರ್ಷ ಬಿಡಿ ಎಂದು ಹೇಳಿ ಬನ್ನಿ. ಅಂದು ಕೈಬಿಟ್ಟ ವ್ಯಾಪಾರ ನಿಮ್ಮ ಮಗನ ಕಾಲಕ್ಕಾದರೂ ನಿಮ್ಮ ಮನೆಗೇ ಬರುತ್ತದೆ.

ಆದ್ದರಿಂದ ಈ ಹಂಗಾಮಿನಲ್ಲಿ ಒಂದು ಕೆಲಸ ಮಾಡಿ. ರಸ್ತೆಗೆ ಹತ್ತಿರವಿರುವ ಮರಗಳನ್ನು ನೋಡಲು ತಂದೆಯವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ. ಅವರು ಬಾಯಿಬಿಡುವ ಮೊದಲು ನಿಮ್ಮ ಅಂದಾಜನ್ನು ಬರೆದುಕೊಳ್ಳಿ, ಆಮೇಲೆ ಅವರದ್ದು ಕೇಳಿ. ಮರ ಬಿದ್ದ ಮೇಲೆ ಅಳತೆ ತೆಗೆಯಿರಿ, ಕೊಯ್ದ ಮೇಲೆ ಎಷ್ಟು ಹಲಗೆ, ಮಾಡಿಗೆ ಹಾಕುವ ಪಕಾಸು ಎಷ್ಟು, ರೀಪು ಎಷ್ಟು, ಎಷ್ಟು ಸೌದೆ ಎಂದೂ ಬರೆಯಿರಿ. ಗುಡ್ಡದ ಮರಗಳಾದರೆ ಬುಡ, ನಡು, ತುದಿ, ತೊಗಟೆಯ ವಿಡಿಯೊ ತಂದು ತೋರಿಸಿ. ನಿಮ್ಮ ಅಂಕಿಯೂ ಅವರ ಅಂಕಿಯೂ ಎಲ್ಲಿ ಬೇರೆಯಾಯಿತು ಎಂದು ಕೂತು ಮಾತಾಡಿ. ಇಂಥ ಹಿರಿಯರು ತಾವಾಗಿ ಪಾಠ ಹೇಳುವುದಿಲ್ಲ. ತಪ್ಪು ಅಂಕಿಯೊಂದನ್ನು ಎದುರಿಗಿಟ್ಟರೆ ಮಾತ್ರ ತಡೆಯಲಾರದೆ ತಿದ್ದುತ್ತಾರೆ.

ಅಕೇಶಿಯಾದಂಥ ಮರ ತೂಕದ ಮೇಲೂ ಮಾರಾಟವಾಗುತ್ತದೆ. ಹಸಿ ಮರದಲ್ಲಿ ನೀರೂ ಒಂದು ದೊಡ್ಡ ತೂಕ. ಟನ್ನಿನ ಲೆಕ್ಕದಲ್ಲಿ ಕೊಂಡು ಯಾರ್ಡಿನಲ್ಲಿ ತಿಂಗಳುಗಟ್ಟಲೆ ಹಾಕಿಟ್ಟರೆ ನಿಮ್ಮ ದುಡ್ಡೇ ಆವಿಯಾಗುತ್ತದೆ. ತೂಕಕ್ಕೆ ಕೊಂಡದ್ದನ್ನು ಬೇಗ ಸಾಗಿಸಿ. ಪ್ಲೈವುಡ್ ಕಾರ್ಖಾನೆಗೆ ಹೋಗುವ ಸಿಲ್ವರ್ ಓಕ್ ಮತ್ತು ರಬ್ಬರಿಗೂ ಇದೇ ಮಾತು. ರಬ್ಬರ್ ದಿಮ್ಮಿಗೆ ಕಡಿದ ಕೆಲವೇ ದಿನಗಳಲ್ಲಿ ನೀಲಿ ಕಲೆ ಹತ್ತುತ್ತದೆ. ಲಾರಿ ಸಿಗುವುದು ಖಚಿತವಾಗುವ ಮೊದಲು ಕೊಡಲಿ ಎತ್ತಬೇಡಿ.

ಕಾಗದಪತ್ರಕ್ಕೆ ಬರೋಣ. ಮಲೆನಾಡಿನಲ್ಲಿ ಒಳ್ಳೆಯ ಮನೆತನಗಳು ಮುಗ್ಗರಿಸಿದ್ದು ಇಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ರಬ್ಬರ್, ತೆಂಗಿನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ವಿನಾಯಿತಿಯ ಪಟ್ಟಿಗೆ ಆಗಾಗ ತಿದ್ದುಪಡಿ ಆಗುವುದರಿಂದ ಪ್ರತಿ ಹಂಗಾಮಿಗೂ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಉಳಿದ ಮರಗಳಿಗೆ ಅರ್ಜಿ, ಪಹಣಿ, ನಕ್ಷೆ, ಸ್ಥಳ ತನಿಖೆ, ಮರಗಳಿಗೆ ನಂಬರ್, ಕಡಿದ ಮೇಲೆ ದಿಮ್ಮಿಗಳ ಪಟ್ಟಿ, ಅವುಗಳ ಮೇಲೆ ಇಲಾಖೆ ಒತ್ತುವ ಹ್ಯಾಮರ್ ಗುರುತು, ಸಾಗಣೆ ರಹದಾರಿ. ಇದರಲ್ಲಿ ಯಾವ ಮೆಟ್ಟಿಲನ್ನೂ ಹಾರಬೇಡಿ. ಕಡಿದ ಮರಕ್ಕೆ ಬದಲಾಗಿ ಸಸಿ ನೆಡಬೇಕೆಂಬ ಷರತ್ತೂ ಕಾಯ್ದೆಯಲ್ಲಿದೆ. ಅದನ್ನು ಬೆಳೆಗಾರನ ತಲೆಗೆ ಬಿಡದೆ ಸಸಿ ನೀವೇ ಒದಗಿಸಿ.

ನಿಮ್ಮ ಕಡೆ ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಹೊಂದಿಕೊಂಡ ಬೆಟ್ಟದಲ್ಲಿ ತೋಟದವರಿಗೆ ಸೊಪ್ಪು, ದರಗಿನ (ಉದುರಿದ ಒಣ ಎಲೆ) ಹಕ್ಕಿದೆ, ಅಲ್ಲಿನ ಮರ ಅವರದ್ದಲ್ಲ. ಅಜ್ಜನ ಕಾಲದಿಂದ ನಾವೇ ಕಾಯ್ದ ಬೆಟ್ಟ ಎಂದು ಬೆಳೆಗಾರ ಹೇಳುವುದು ಸುಳ್ಳಲ್ಲ. ಕಾದಿರುವುದು ನಿಜ, ಆದರೂ ಮಾಲ್ಕಿ ಅಲ್ಲ. ಗಡಿ ಸ್ಪಷ್ಟವಿಲ್ಲದ ಕಡೆ ಅಳತೆ ಮಾಡಿಸದೆ ಮುಂಗಡ ಕೊಡಬೇಡಿ. ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶದ ಷರತ್ತು ಓದಿ, ಹಳೆಯ ಮರಗಳ ಹಕ್ಕನ್ನು ಸರ್ಕಾರ ಉಳಿಸಿಕೊಂಡಿರಬಹುದು. ಗಂಧದ ಮರ ಜಮೀನಿನ ಒಡೆಯನದ್ದೇ ಎಂದು 2001ರ ತಿದ್ದುಪಡಿ ಹೇಳುತ್ತದೆ, ಹಾಗೆಂದು ಅದು ನಿಮ್ಮಂಥ ಯಾರ್ಡಿನಲ್ಲಿ ಕೊಂಡು ಮಾರುವ ಸರಕಲ್ಲ. ಅದರ ಹತ್ತಿರ ಹೋಗಬೇಡಿ. ಬೀಟೆ ಎಂದು ಯಾರಾದರೂ ಕತ್ತಲಾದ ಮೇಲೆ ಫೋನ್ ಮಾಡಿದರೆ, ಬೆಲೆ ಎಷ್ಟೆಂದು ಕೂಡ ಕೇಳದೆ ಇಟ್ಟುಬಿಡಿ.

ಸಾಮಿಲ್ಲಿನ ಲೈಸೆನ್ಸ್ ಬಗ್ಗೆ ನೀವು ಒಂದೇ ಪದದಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ಜಮೀನು ಬಿಟ್ಟರೆ ನಿಮ್ಮ ಮನೆಯ ಅತಿ ದೊಡ್ಡ ಆಸ್ತಿ ಅದೇ. ಸುಪ್ರೀಂ ಕೋರ್ಟಿನ ಆದೇಶಗಳ ನಂತರ ಹೊಸ ಸಾಮಿಲ್ಲಿಗೆ ಪರವಾನಗಿ ಸಿಗುವುದು ತುಂಬ ಕಷ್ಟವಾಗಿದೆ. 2016ರಲ್ಲಿ ಮರ ಆಧಾರಿತ ಉದ್ಯಮಗಳಿಗೆ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ರಾಜ್ಯಮಟ್ಟದ ಸಮಿತಿ ಮರದ ಲಭ್ಯತೆ ನೋಡಿ ತೀರ್ಮಾನಿಸುತ್ತದೆ. ಲೈಸೆನ್ಸ್ ತಂದೆಯವರ ಹೆಸರಿನಲ್ಲಿದ್ದರೆ ನವೀಕರಣ ಯಾವ ವರ್ಷದವರೆಗೆ ಆಗಿದೆ, ಹೆಸರು ವರ್ಗಾಯಿಸಲು ಏನು ಬೇಕು ಎಂದು ಈ ತಿಂಗಳೇ ಅರಣ್ಯ ಇಲಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿ. ಅವರು ಓಡಾಡಿಕೊಂಡಿರುವಾಗ, ಸಹಿ ಹಾಕಬಲ್ಲವರಾಗಿರುವಾಗ ಇದು ಮುಗಿಯಬೇಕು. ಬ್ಯಾಂಡ್ ಸಾ ಬದಲಿಸುವುದಕ್ಕೂ ಇದಕ್ಕೂ ಸಂಬಂಧವಿದೆ. ಯಂತ್ರದ ಗಾತ್ರ, ಕುದುರೆಶಕ್ತಿ ಬದಲಾದರೆ ಪರವಾನಗಿಯ ಷರತ್ತಿಗೆ ಒಪ್ಪುತ್ತದೆಯೇ ಎಂದು ಕೇಳದೆ ತಮ್ಮನವರು ಮುಂಗಡ ಕೊಟ್ಟುಬಿಡುವುದು ಬೇಡ.

ತಮ್ಮನವರ ಯೋಚನೆಯಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಹಳೆಯ ವೃತ್ತ ಗರಗಸ ಒಂದೊಂದು ಕೊಯ್ತಕ್ಕೂ ಐದಾರು ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ಒಳ್ಳೆಯ ಬ್ಯಾಂಡ್ ಸಾ ಎರಡು ಮೂರರಲ್ಲಿ ಮುಗಿಸುತ್ತದೆ. ತೆಳು ಹಲಗೆ ಹೆಚ್ಚು ಕೊಯ್ಯುವವರಿಗೆ ಇದು ದೊಡ್ಡ ಉಳಿತಾಯ, ತೊಲೆ ಪಕಾಸನ್ನೇ ಹೆಚ್ಚು ಕೊಯ್ಯುವವರಿಗೆ ಅಷ್ಟಿಲ್ಲ. ನಿಮ್ಮದು ಯಾವುದು ಹೆಚ್ಚು ಎಂಬುದು ಪುಸ್ತಕವಿಲ್ಲದೆ ಗೊತ್ತಾಗುವುದಾದರೂ ಹೇಗೆ? ಯಂತ್ರಕ್ಕೆ ದಿನವೂ ಮರ ಬೇಕು, ಕಂತು ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಚ್ಚಾ ರಸ್ತೆಗಳಲ್ಲಿ ಲಾರಿ ಇಳಿಯುವುದಿಲ್ಲ.

ಸಾಲ ಮಾಡದೆಯೇ ಆಗುವ, ಬೇಗ ಫಲ ಕೊಡುವ ಕೆಲಸ ಒಂದಿದೆ: ಒಣಗಿಸಿ ಮಾರುವುದು. ಮನೆ ಕಟ್ಟುವವರು ಇಂದು ಸ್ಥಳೀಯ ಮರ ಬಿಟ್ಟು ಹೊರದೇಶದ ಮರಕ್ಕೆ, ಕಬ್ಬಿಣದ ಬಾಗಿಲಿಗೆ ಹೋಗುತ್ತಿರುವುದಕ್ಕೆ ದೊಡ್ಡ ಕಾರಣ, ನಾವು ಹಸಿ ಮರವನ್ನೇ ಕೊಯ್ದು ಕೊಟ್ಟದ್ದು. ಬೇಸಿಗೆಯಲ್ಲಿ ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಂಡರೆ ಜನ ಬಡಗಿಯನ್ನೂ ಬೈಯುತ್ತಾರೆ, ಹಲಸು, ಮತ್ತಿ, ನಂದಿಯಂಥ ಒಳ್ಳೆಯ ಮರವನ್ನೂ ಬೈಯುತ್ತಾರೆ. ಮರದ್ದೇನೂ ತಪ್ಪಿಲ್ಲ. ದಿಮ್ಮಿಯ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿದರೆ ಸೀಳುವುದು ಕಡಿಮೆಯಾಗುತ್ತದೆ. ಕೊಯ್ದ ಹಲಗೆಗಳನ್ನು ನೆಲದಿಂದ ಎತ್ತರಿಸಿ, ನಡುನಡುವೆ ಒಂದೇ ದಪ್ಪದ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ನೇರ ಬರುವಂತೆ ಇಟ್ಟು, ಮೇಲೆ ಸೂರು, ಬದಿಯಲ್ಲಿ ಗಾಳಿ ಇರುವ ಹಾಗೆ ಪೇರಿಸಿ. ಬಿಸಿಲಿಗೆ ಒಡ್ಡಬೇಡಿ. ಕೆಲವು ಸಾವಿರ ರೂಪಾಯಿಗೆ ತೇವಾಂಶ ಮಾಪಕ ಸಿಗುತ್ತದೆ. ಗಿರಾಕಿಯ ಎದುರಿಗೇ ಅದನ್ನು ಹಲಗೆಗೆ ಚುಚ್ಚಿ ತೋರಿಸಿ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಮರ ತಾನಾಗಿ ಪೂರ್ತಿ ಒಣಗದು, ಆದ್ದರಿಂದ ಬಾಗಿಲು ಕಿಟಕಿಯ ಸರಕನ್ನು ಯುಗಾದಿಗೆ ಮೊದಲೇ ಕೊಯ್ದು ಪೇರಿಸಿಬಿಡಿ. ಬಿಳಿ ಭಾಗವಿರುವ ಹಲಗೆಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದ ಉಪಚಾರ ಮಾಡಿಸಿದರೆ ಹಿಟ್ಟು ಉದುರಿಸುವ ಹುಳುವಿನ ಕಾಟ ತಪ್ಪುತ್ತದೆ.

ಆಳುಗಳ ಜೀವದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಈ ಕಸುಬಿನಲ್ಲಿ ಸಾವು ಸಾಮಾನ್ಯ ಎಂಬ ಮಾತನ್ನು ಒಪ್ಪಬೇಡಿ. ಹೆಚ್ಚಿನ ಅಪಘಾತಗಳು ಗೊತ್ತಿರುವ ಕಾರಣಗಳಿಂದಲೇ ಆಗುತ್ತವೆ. ಪಕ್ಕದ ಮರಕ್ಕೆ ಹೆಣೆದುಕೊಂಡ ಬಳ್ಳಿಯನ್ನು ಮೊದಲು ಕಡಿಯದಿರುವುದು ಒಂದು. ಬೀಳಬೇಕಾದ ಬದಿಯಲ್ಲಿ ಬಾಯಿ (ಕಾಂಡದಲ್ಲಿ ಕಡಿಯುವ ಕಚ್ಚು) ಸರಿಯಾಗಿ ತೆಗೆಯದೆ ಹಿಂದಿನಿಂದ ಕೊಯ್ಯುವುದು ಇನ್ನೊಂದು. ಆಗ ವಾಲಿದ ಮರ ಉದ್ದಕ್ಕೆ ಸೀಳಿ ಕೊಯ್ಯುವವನ ಎದೆಗೆ ಬಡಿಯುತ್ತದೆ. ಎರಡೂ ಕೊಯ್ತಗಳ ನಡುವೆ ಕಾಂಡದ ಅಡ್ಡಳತೆಯ ಹತ್ತನೆಯ ಒಂದು ಪಾಲಿನಷ್ಟನ್ನು ಕೊಯ್ಯದೆ ಉಳಿಸಬೇಕು, ಮರವನ್ನು ದಾರಿ ತಪ್ಪದಂತೆ ಇಳಿಸುವುದು ಅದೇ. ಓಡಿ ತಪ್ಪಿಸಿಕೊಳ್ಳುವ ದಾರಿಯನ್ನು ಹಿಂಬದಿಗೆ ಓರೆಯಾಗಿ ಮೊದಲೇ ಸವರಿಟ್ಟುಕೊಳ್ಳಬೇಕು. ಬೇರೆ ಮರಕ್ಕೆ ಸಿಕ್ಕಿ ನಿಂತ ಮರದ ಅಡಿ ಯಾರೂ ಕಾಲಿಡಬಾರದು, ಅದನ್ನು ಎಳೆದೇ ಇಳಿಸಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಮೆಸ್ಕಾಂನವರು ಲೈನ್ ತೆಗೆಯುವವರೆಗೆ ಕೆಲಸ ನಿಲ್ಲಲಿ. ದರೆಯ ಮೇಲಿನ ಮರಗಳನ್ನು ಒಟ್ಟಿಗೆ ಬೋಳಿಸಬೇಡಿ, ಮುಂದಿನ ಮಳೆಗೆ ದರೆ ಕೆಳಗಿನ ತೋಟದ ಮೇಲೆ ಕುಸಿಯುತ್ತದೆ. ಶಿರಸ್ತ್ರಾಣ, ಕಾಲಿಗೆ ರಕ್ಷಣೆ, ಪ್ರತಿ ಆಳಿಗೂ ವಿಮೆ. ದಿನಗೂಲಿಯವನು ಗಾಯಗೊಂಡರೂ ಕಾನೂನಿನ ಪ್ರಕಾರ ಪರಿಹಾರದ ಹೊಣೆ ಕೆಲಸ ಕೊಟ್ಟವನದ್ದು. ಕಾನೂನು ಇಲ್ಲದಿದ್ದರೂ ಅದು ನಿಮ್ಮದೇ.

ಕೊನೆಯದಾಗಿ ಪುಸ್ತಕ. ನಿಮ್ಮ ತಂದೆಯವರ ತಲೆಯಲ್ಲಿ ಮರದ ಲೆಕ್ಕ ಮಾತ್ರ ಇಲ್ಲ, ಮಾತಿನ ಲೆಕ್ಕವೂ ಇದೆ. ಯಾರಿಗೆ ಮುಂಗಡ ಹೋಗಿದೆ, ಯಾರ ಬಾಕಿ ಉಳಿದಿದೆ, ಯಾವ ಮನೆಯ ಮದುವೆಯ ಹೊತ್ತಿಗೆ ಮರ ಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದಾರೆ, ಯಾವ ಬಡಗಿಗೆ ಸರಕು ಸಾಲ ಕೊಟ್ಟಿದ್ದಾರೆ. ಇದನ್ನೆಲ್ಲ ಅವರ ಬಾಯಿಂದ ಕೇಳಿ ಬರೆದುಕೊಳ್ಳಿ, ಆಮೇಲೆ ಅವರನ್ನೇ ಜೊತೆಗೆ ಕರೆದುಕೊಂಡು ಒಂದೊಂದು ಮನೆಗೂ ಹೋಗಿ ಬನ್ನಿ. ಹೊಸ ಯಜಮಾನರು ಯಾರೆಂದು ಜನರಿಗೆ ಗೊತ್ತಾಗುತ್ತದೆ, ಹಳೆಯ ಮಾತು ಉಳಿಯುತ್ತದೆಂದೂ ಗೊತ್ತಾಗುತ್ತದೆ. ಮನೆ ಖರ್ಚಿಗೆ ನೀವೂ ತಮ್ಮನವರೂ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡು ವ್ಯಾಪಾರದ ಖಾತೆಯನ್ನು ಬೇರೆ ಮಾಡಿ. ದಾಸ್ತಾನು ಪುಸ್ತಕವನ್ನು ದಿನದಿನವೂ ಬರೆಯಿರಿ, ಇಲಾಖೆಯವರು ಬಂದಾಗ ಮೊದಲು ಕೇಳುವುದು ಅದನ್ನೇ. ನವರಾತ್ರಿಯ ನಂತರ ಮರ ಇಳಿಸಲು ಶುರು ಮಾಡಿದರೆ ಮುಂದಿನ ಮಳೆಯೊಳಗೆ ಒಂದು ಪೂರ್ತಿ ಹಂಗಾಮಿನ ಅಂಕಿಅಂಶ ನಿಮ್ಮ ಕೈಯಲ್ಲಿರುತ್ತದೆ. ಬ್ಯಾಂಡ್ ಸಾ ಬೇಕೇ, ಎಷ್ಟು ದೊಡ್ಡದು ಬೇಕು, ಕಂತು ಎಷ್ಟು ತಡೆಯುತ್ತದೆ ಎಂಬುದನ್ನು ಆ ಪುಸ್ತಕ ಎದುರಿಗಿಟ್ಟುಕೊಂಡು ತಮ್ಮನವರ ಜೊತೆ ಕೂತು ತೀರ್ಮಾನಿಸಿ, ಬ್ಯಾಂಕಿಗೂ ಅದನ್ನೇ ತೆಗೆದುಕೊಂಡು ಹೋಗಿ.